ಮರಡಿದುರ್ಗದ ಬಸುರಿ ಸೇತುವೆ

ಮರಡಿದುರ್ಗದ ಬಸ್ ನಿಲ್ದಾಣದಲ್ಲಿ ಇಳಿದು, ಹೊಳೆಯಾಚೆಯ ಕರಿಕಟ್ಟೆ ಬಡಾವಣೆಗೆ ಆಟೋ ಹತ್ತಿದರೆ ಚಾಲಕ ಮೊದಲು ಕೇಳುವುದು, ಹೊಸ ಸೇತುವೆಯ ಮೇಲೆ ಹೋಗಬೇಕೋ ಬಸುರಿ ಸೇತುವೆಯ ಮೇಲೆ ಹೋಗಬೇಕೋ ಎಂದು. ಪರಊರಿನವರು ಆ ಹೆಸರು ಕೇಳಿ ತಬ್ಬಿಬ್ಬಾಗುತ್ತಾರೆ. ಕೆಲವರು ತಮಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡು ಮತ್ತೊಮ್ಮೆ ಕೇಳುವುದೂ ಉಂಟು. ಸೇತುವೆಯ ಬಾಯಲ್ಲಿ ಇಲಾಖೆಯವರು ನೆಟ್ಟಿರುವ ನೀಲಿ ಫಲಕದಲ್ಲಿ ‘ವಿಜಯ ಸೇತುವೆ’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಆದರೆ ಆ ಹೆಸರನ್ನು ಬಾಯಲ್ಲಿ ಆಡಿದವರನ್ನು ಊರಿನಲ್ಲಿ ಯಾರೂ ಕಂಡಿಲ್ಲ. ಮದುವೆಯ ಕರೆಯೋಲೆಯಲ್ಲಿ ಛತ್ರದ ವಿಳಾಸ ಹಾಕಿಸುವಾಗಲೂ ‘ಬಸುರಿ ಸೇತುವೆಯ ಬಲಗಡೆ’ ಎಂದೇ ಹಾಕಿಸುತ್ತಾರೆ.

ಕೆಂಚಾವತಿ ಹೊಳೆಗೆ ಅಡ್ಡಲಾಗಿ ಸಾಲುಗಟ್ಟಿ ನಿಂತ ಕಲ್ಲುಕಂಬಗಳು, ಅವುಗಳ ಮೇಲೆ ಹಾಸುಗಲ್ಲು, ಇಕ್ಕೆಲಗಳಲ್ಲಿ ಎದೆಮಟ್ಟದ ಗೋಡೆ. ಆ ಗೋಡೆಯ ತುಂಬ ಶಿಲ್ಪಗಳಿವೆ. ಕೋಟೆಯ ಕಡೆಯಿಂದ ಹೊರಟರೆ ಮೊದಲು ಸೂರ್ಯ, ಚಂದ್ರ, ಬಿಚ್ಚುಗತ್ತಿ. ಆಮೇಲೆ ಕುದುರೆ ಸವಾರರು. ಆಮೇಲೆ ಕಪ್ಪಕಾಣಿಕೆ ಹೊತ್ತು ತಲೆ ತಗ್ಗಿಸಿ ನಡೆಯುವ ಜನ. ಹೊಳೆ ಹರಿಯುವುದು ಮೂಡಣಕ್ಕಾದರೂ ಈ ಕಲ್ಲಿನ ಜನರೆಲ್ಲ ಹೋಗುತ್ತಿರುವುದು ಬಡಗಣದ ಕೋಟೆಗೆ. ಒಬ್ಬನಾದರೂ ಹಿಂದಿರುಗಿ ಬರುತ್ತಿಲ್ಲ. ಯಾರು ಯಾರಿಗೆ ಬಗ್ಗಬೇಕು ಎಂಬುದನ್ನು ಓದು ಬಾರದವನಿಗೂ ತಿಳಿಸಬೇಕೆಂದೇ ಅವನ್ನು ಕೆತ್ತಿಸಿದ್ದು. ಕೊನೆಗೆ, ಕರಿಕಟ್ಟೆಯ ತುದಿಯಲ್ಲಿ, ಒಂದು ಜಗಲಿಯ ಮೇಲೆ ಬಿದ್ದ ಆನೆಯೂ ಅದರ ಮೇಲೆರಗಿದ ಸಿಂಹವೂ ಒಂದೇ ಬಂಡೆಯಲ್ಲಿ ಮೂಡಿವೆ. ಸಿಂಹದ ಕೇಸರದ ಒಂದೊಂದು ಸುರುಳಿಯೂ, ಆನೆಯ ಕೊರಳ ಗಂಟೆಯ ನಾಲಗೆಯೂ ಬಿಡಿಬಿಡಿಯಾಗಿ ಕಾಣುತ್ತವೆ. ಆದರೆ ಸಿಂಹದ ಬಲ ಮುಂಗಾಲು ಆನೆಯ ಹಣೆಗೆ ಮುಟ್ಟುವ ಮೊದಲೇ ಕೆತ್ತನೆ ನಿಂತುಹೋಗಿದೆ. ಅಲ್ಲೊಂದು ಮುದ್ದೆಗಲ್ಲು ಹಾಗೆಯೇ ಉಳಿದಿದೆ. ಆ ಪಾದಕ್ಕೆ ಉಗುರಿಲ್ಲ.

ಹಿಂದೆ ಒಮ್ಮೆ, ಸೇತುವೆ ಇಲ್ಲದ ಕಾಲದಲ್ಲಿ, ಹೊಳೆಯ ಎರಡು ದಂಡೆಗಳೂ ಎರಡು ಸೀಮೆಗಳಾಗಿದ್ದವು ಎನ್ನುತ್ತಾರೆ. ಬಡಗಣ ದಂಡೆಯ ಮರಡಿದುರ್ಗವನ್ನು ಬೊಮ್ಮರಸ ನಾಯಕನೆಂಬವನು ಆಳುತ್ತಿದ್ದ. ಅವನ ಲಾಂಛನ ಸಿಂಹ. ತೆಂಕಣ ದಂಡೆಯ ಕರಿಕಟ್ಟೆ ಸೋಮಪ್ಪ ಒಡೆಯನದು, ಅವರದು ಆನೆ. ಅಲ್ಲಿನವರು ಬಾಗಿಲ ಮೇಲೂ, ಕಾಳು ಅಳೆಯುವ ಕೊಳಗದ ಮೇಲೂ ಆನೆಯನ್ನೇ ಕೆತ್ತಿಸುತ್ತಿದ್ದರು. ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಮುಂಗೈಯಲ್ಲಿ ಆನೆಯ ಹಚ್ಚೆ ಹಾಕಿಸುತ್ತಿದ್ದರು. ಎರಡು ಕಡೆಯವರಿಗೂ ಹುಲ್ಲುಗಾವಲಿನ ಮಾತಿನಲ್ಲಿ ಹತ್ತಿದ ಜಗಳ ದಂಡು ಕೂಡುವ ಮಟ್ಟಕ್ಕೆ ಬೆಳೆದು, ಒಡೆಯ ಸೋತ. ಕಪ್ಪ ಒಪ್ಪಿಕೊಂಡ, ಮಗಳು ಹೊನ್ನಾಜಮ್ಮಣ್ಣಿಯನ್ನು ನಾಯಕನಿಗೆ ಧಾರೆಯೆರೆದು ಕೊಟ್ಟ. ನಾಯಕನ ಮೊದಲ ಇಬ್ಬರು ಹೆಂಡಿರಿಗೆ ಮಕ್ಕಳಾಗಿರಲಿಲ್ಲ. ಅವನ ಮೀಸೆಯೂ ನೆರೆಯುತ್ತ ಬಂದಿತ್ತು. ಗೆದ್ದ ಹುಮ್ಮಸ್ಸಿನಲ್ಲಿ ಅವನು ಮಳೆಗಾಲದಲ್ಲೂ ಕಪ್ಪದ ಬಂಡಿಗಳು ದಾಟಿ ಬರುವಂತೆ ಸೇತುವೆ ಕಟ್ಟಿಸಿದ. ಅದರ ತುದಿಗೆ ಆನೆಯನ್ನು ಕೆಡಹಿದ ಸಿಂಹ ಇರಬೇಕೆಂದು ಅಪ್ಪಣೆ ಮಾಡಿದ.

ಆ ಕೆಲಸದ ಹೊಣೆ ಹೊತ್ತವನು ಬೈಚೋಜ. ಮರಡಿದುರ್ಗದ ಶಿಲ್ಪಿಗಳಿಗೆಲ್ಲ ಅವನೇ ರೂವಾರಿ, ಅಂದರೆ ಯಜಮಾನ. ಕೈಯಲ್ಲಿ ವಿದ್ಯೆ ಇತ್ತು, ತಲೆಯಲ್ಲಿ ಸ್ವಲ್ಪ ಜಂಬವೂ ಇತ್ತು. ತಾನು ಕೆತ್ತಿದ್ದನ್ನು ತಾನೇ ದೂರ ನಿಂತು ನೋಡಿ ತಲೆದೂಗುವ ಅಭ್ಯಾಸ ಅವನದು. ಯಾರಾದರೂ ದಾರಿಹೋಕರು ಜೊತೆಗೆ ನಿಂತು ತಲೆದೂಗಿದರಂತೂ ಅಂದು ಮನೆಯಲ್ಲಿ ಊಟಕ್ಕೆ ಇನ್ನೊಂದು ಮುದ್ದೆ ಹೆಚ್ಚು ಬೇಕಾಗುತ್ತಿತ್ತು. ಬಿದ್ದ ಆನೆಯನ್ನು ಕೆತ್ತಲು ಅವನು ಕರಿಕಟ್ಟೆಯ ಒಡೆಯನ ಆನೆ ಹೊಳೆಯಲ್ಲಿ ಮೈ ತೊಳೆಸಿಕೊಳ್ಳುವುದನ್ನು ಈಚೆ ದಂಡೆಯಲ್ಲಿ ಕುಳಿತು ನೋಡಿ ನೋಡಿ ಕಲಿತ. ಅದು ಮಗ್ಗುಲಾದಾಗ ಹೊಟ್ಟೆಯ ಮಡಿಕೆ ಎತ್ತ ಜಾರುತ್ತದೆ, ಕಿವಿ ಎಲ್ಲಿ ಸುಕ್ಕುಗಟ್ಟುತ್ತದೆ, ಎಲ್ಲವನ್ನೂ ಕಲ್ಲಿಗೆ ತಂದ. ಅದು ಯಾರ ಆನೆ, ಅದನ್ನು ಯಾರ ಕಣ್ಣೆದುರು ಕೆಡಹುತ್ತಿದ್ದೇನೆ ಎಂಬ ಯೋಚನೆ ಮಾತ್ರ ಆ ದೊಡ್ಡ ತಲೆಗೆ ಹೊಳೆಯಲಿಲ್ಲ. ಅವನ ಒಬ್ಬಳೇ ಮಗಳು ಮಾಳವ್ವನನ್ನು, ಜಗಳಕ್ಕೆ ಮುಂಚೆಯೇ, ಕರಿಕಟ್ಟೆಗೆ ಕೊಟ್ಟಿದ್ದ.

ಮಾಳವ್ವನಿಗೆ ಚೊಚ್ಚಲ ಬಸುರು. ತವರಿಗೆ ಕರೆತರುವ ಹೊತ್ತಾಯಿತೆಂದು ಬೈಚೋಜನೂ ಅವನ ಹೆಂಡತಿ ನೀಲಾಜಿಯೂ ಮಡಿಲಕ್ಕಿಯ ಗಂಟು, ತಂಬಿಟ್ಟು, ಹಸಿರು ಸೀರೆ ಹಿಡಿದುಕೊಂಡು, ಸೇತುವೆಯ ಮೇಲೆ ಆಗಿನ್ನೂ ಕಪ್ಪದ ಬಂಡಿಗಳಿಗಷ್ಟೇ ದಾರಿಯಿದ್ದುದರಿಂದ, ಹರಿಗೋಲಿನಲ್ಲಿ ಹೊಳೆ ದಾಟಿದರು. ಬೀಗರಾದ ಬಡಗಿ ಕಲ್ಲೋಜ ಕಾಲಿಗೆ ನೀರು ಕೊಡಿಸಿ, ಚಾಪೆ ಹಾಸಿ, ಮಜ್ಜಿಗೆ ಕೊಟ್ಟ. ಕುಡಿದು ಮುಗಿದ ಮೇಲೆ ನಿಧಾನವಾಗಿ ಹೇಳಿದ: ‘ಮಗಳು ನಿಮ್ಮವಳು, ಕರ್ಕೊಂಡು ಹೋಗಿ, ಬೇಡ ಅನ್ನಕಾಗಲ್ಲ. ಆದ್ರೆ ಬೀಗರೆ, ನಿಮ್ಮ ಉಳಿಯಿಂದ ಆ ಸಿಂಹದ ಉಗುರು ನಮ್ಮ ಆನೆ ಹಣೆಗೆ ಇಳಿದರೆ, ಈ ಬಾಗಿಲು ಆಯಮ್ಮನಿಗೂ ಇಲ್ಲ, ಹುಟ್ಟೋ ಕೂಸಿಗೂ ಇಲ್ಲ. ನಾನೊಬ್ಬ ತೆರೆದ್ರೂ ಊರು ತೆರೆಯಕ್ಕೆ ಬಿಡಲ್ಲ.’ ಅಳಿಯ ಕಂಬಕ್ಕೊರಗಿ ನೆಲ ನೋಡುತ್ತಿದ್ದ. ಬೈಚೋಜ ಮಗಳ ಮುಖ ನೋಡಿದ. ಅವಳು ಹಚ್ಚೆಯ ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ‘ಆನೆ ಬಲು ಚೆನ್ನಾಗಿ ಬಂದೈತಂತೆ ಅಪ್ಪಯ್ಯ. ನೋಡಿ ಬಂದೋರೆಲ್ಲ ಅದನ್ನೇ ಹೇಳ್ತಾರೆ. ಚೆನ್ನಾಗಿರೋದಕ್ಕೇ ಇವರಿಗೆ ಇನ್ನೂ ಹೊಟ್ಟೆ ಉರಿತೈತೆ’ ಎಂದಳು. ತನ್ನ ಕೆಲಸವನ್ನು ಅಷ್ಟು ಜನ ಹೊಗಳಿದ್ದನ್ನು ಕೇಳಿ ಬೈಚೋಜನಿಗೆ ಅಳು ಬಂದದ್ದು ಅದೇ ಮೊದಲು. ಉಗುರಿನ ಕೆಲಸದ ಗತಿ ಏನೆಂದು ತಿಳಿಯುವ ತನಕ ಮಗಳು ಅಲ್ಲೇ ಇರಲಿ ಎಂದು ಮಾತಾಯಿತು. ಮಡಿಲಕ್ಕಿಯ ಗಂಟು ಬಿಚ್ಚದೆ ಹಾಗೆಯೇ ಹರಿಗೋಲಿನಲ್ಲಿ ವಾಪಸು ಬಂತು.

ಕಲ್ಲುಕೆಲಸದವರಲ್ಲಿ ಆಗ ಒಂದು ಕಟ್ಟಳೆ ಇತ್ತು. ಮನೆಯಲ್ಲಿ ಬಸುರಿ ಹೆಂಗಸಿದ್ದರೆ ಆ ಮನೆಯ ಗಂಡಸು ಗಾಯವನ್ನು ಕೆತ್ತುವಂತಿರಲಿಲ್ಲ. ಹೂ ಬಳ್ಳಿ ಕೆತ್ತಬಹುದು, ಹಂಸ ಕೆತ್ತಬಹುದು, ನಿಂತ ದೇವರು ಕುಳಿತ ದೇವರು ಯಾರನ್ನು ಬೇಕಾದರೂ ಕೆತ್ತಬಹುದು. ಎದೆಗೆ ನೆಟ್ಟ ಶೂಲ, ಕಡಿದ ತಲೆ, ಮಾಂಸಕ್ಕಿಳಿದ ಉಗುರು, ಇವುಗಳ ಮೇಲೆ ಉಳಿ ಇಡಬಾರದು. ಕಲ್ಲಿಗೆ ಮಾಡಿದ ಗಾಯ ಕೂಸಿನ ಮೈಮೇಲೆ ಮೂಡುತ್ತದೆ ಎಂಬ ಹೆದರಿಕೆ. ಮಹಾನವಮಿಯೊಳಗೆ ಕೆಲಸ ಮುಗಿಸಬೇಕೆಂದು ನಾಯಕ ಹೇಳಿಕಳಿಸಿದಾಗ ಬೈಚೋಜನಿಗೆ ಆಸರೆಯಾಗಿ ಕಂಡದ್ದು ಇದೊಂದೇ. ಆಸ್ಥಾನಕ್ಕೆ ಹೋಗಿ ಕೈಮುಗಿದು, ‘ಬುದ್ಧಿ, ಮನೇಲಿ ಬಸುರಿ ಅವ್ಳೆ, ಗಾಯ ಕೆತ್ತಂಗಿಲ್ಲ’ ಎಂದ. ನಾಯಕನ ಪಕ್ಕದಲ್ಲಿ ಮಂತ್ರಿ ನರಹರಿಯಪ್ಪ ಕುಳಿತಿದ್ದ. ಶಾಸ್ತ್ರ ಅವನ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ‘ಮಗಳ ಮಾತು ಹೇಳುತ್ತಿದ್ದಾನೆ. ಕೊಟ್ಟ ಹೆಣ್ಣು ಕುಲದ ಹೊರಗೆ, ಅವಳ ಬಸುರು ಇವನ ಮನೆಗೆ ಸೇರುವುದಿಲ್ಲ’ ಎಂದು ಅಲ್ಲೇ ಬಗೆಹರಿಸಿಬಿಟ್ಟ. ಮುಂದೆ ಏನು ಹೇಳುತ್ತಿದ್ದೇನೆಂದು ಬೈಚೋಜನಿಗೇ ತಿಳಿಯುವ ಮೊದಲು ಬಾಯಿ ಮಾತಾಡಿತ್ತು: ‘ಮಗಳಲ್ಲ ಬುದ್ಧಿ. ನನ್ನ ಹೆಂಡತಿ.’ ಬೈಚೋಜನ ತಲೆಯಲ್ಲಿ ಕರಿಕೂದಲು ಹುಡುಕಿದರೂ ಸಿಗುತ್ತಿರಲಿಲ್ಲ. ಆಸ್ಥಾನದಲ್ಲಿ ಯಾರೋ ಕೆಮ್ಮಿದರು, ಯಾರೋ ನಗು ತಡೆದುಕೊಂಡರು.

ಮನೆಗೆ ಬಂದು ಹೇಳುವುದು ಆಸ್ಥಾನದಲ್ಲಿ ಹೇಳಿದ್ದಕ್ಕಿಂತ ಕಷ್ಟವಾಯಿತು. ನೀಲಾಜಿ ಅಕ್ಕಿ ಕೇರುತ್ತಿದ್ದಳು. ಗಂಡ ಅಡ್ಡಗೋಡೆ ಹಿಡಿದು, ಅತ್ತ ಇತ್ತ ನೋಡಿ, ಅರ್ಧರ್ಧ ಮಾತಿನಲ್ಲಿ ಹೇಳಿ ಮುಗಿಸುವವರೆಗೂ ಮೊರ ನಿಲ್ಲಿಸಲಿಲ್ಲ. ಮುಗಿದ ಮೇಲೆ ನಿಲ್ಲಿಸಿ, ‘ನನ್ನ ಒಂದು ಮಾತು ಕೇಳದೆ ಆಸ್ಥಾನದ ನಡುವೆ ನನ್ನ ಬಸುರಿ ಮಾಡಿ ಬಂದ್ರಲ್ಲ’ ಎಂದಳು. ‘ಅಜ್ಜಿಯಾಗೋ ವಯಸ್ಸಲ್ಲಿ ನಾನು ಬಾವಿಕಟ್ಟೆಗೆ ಹೆಂಗೆ ಹೋಗಲಿ’ ಎಂದು ಕೇಳಿ, ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು, ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತಮೇಲೂ ನೀರು ನಿಲ್ಲಲಿಲ್ಲ. ಮಗಳಿಗೆ ತವರಿಲ್ಲದೆ ಹೆರಿಗೆಯಾಗುವುದೋ, ಇಲ್ಲ ತವರಿಗೆ ಬಂದು ಗಂಡನ ಮನೆಯೇ ಇಲ್ಲವಾಗುವುದೋ ಎಂಬ ಭಯ ಇಬ್ಬರನ್ನೂ ಒಳಗೇ ತಿನ್ನುತ್ತಿತ್ತು. ಇಬ್ಬರಿಗೂ ಅಂದು ಊಟ ಸೇರಲಿಲ್ಲ.

ನಾಯಕ ಹಟ ಬಿಡುವವನಲ್ಲ. ರೂವಾರಿಗೆ ಆಗದಿದ್ದರೆ ಇನ್ನೊಬ್ಬ ಕೆತ್ತಲಿ ಎಂದು ಉಳಿದ ಶಿಲ್ಪಿಗಳನ್ನು ಒಬ್ಬೊಬ್ಬರನ್ನಾಗಿ ಕರೆಸಿದ. ಅವರಿಗೂ ಹೊಳೆಯಾಚೆ ಅಕ್ಕತಂಗಿಯರಿದ್ದರು, ಅತ್ತೆ ಮಾವಂದಿರಿದ್ದರು. ರೂವಾರಿಯ ಮೇಲೆ ಪ್ರೀತಿಯೂ ಇತ್ತು. ಮೊದಲು ಬಂದ ಚೌಡೋಜ ತನ್ನ ಹೆಂಡತಿಗೂ ದಿನ ತುಂಬುತ್ತಿವೆ ಎಂದ. ಅದು ನಿಜವೇ ಆಗಿತ್ತು. ಎರಡನೆಯವನೂ ಹಾಗೆಂದ, ಮೂರನೆಯವನೂ ಹಾಗೆಂದ. ಹಲ್ಲುದುರಿದ ಹಿರಿಯನೊಬ್ಬ ಬಂದು, ತನ್ನ ಮನೆಯಲ್ಲೂ ಇದೇ ಸಮಾಚಾರವೆಂದು ತಲೆ ತಗ್ಗಿಸಿ ನಿಂತ. ಮದುವೆಯೇ ಆಗದ ಸಿಂಗೋಜ, ಬೇರೆ ದಾರಿ ಕಾಣದೆ ಅತ್ತಿಗೆಯನ್ನು ಮುಂದೆ ಮಾಡಿದ. ಊರಿನಲ್ಲಿ ಸುದ್ದಿ ಹಬ್ಬಿ, ಆ ಸೇತುವೆಯ ಕಲ್ಲು ಮುಟ್ಟಿದವರ ಮನೆಯಲ್ಲೆಲ್ಲ ತೊಟ್ಟಿಲು ತೂಗುತ್ತದೆಯೆಂದು ಹೆಂಗಸರು ಬಾವಿಕಟ್ಟೆಯಲ್ಲಿ ಆಡಿಕೊಂಡು ನಕ್ಕರು. ‘ಬಸುರಿ ಸೇತುವೆ’ ಎಂಬ ಹೆಸರು ಮೊದಲು ಹುಟ್ಟಿದ್ದು ಅಲ್ಲೇ ಎನ್ನುತ್ತಾರೆ. ನಗು ಅರಮನೆಯ ಗೋಡೆ ದಾಟಿ ಒಳಗೂ ಬಂದಾಗ ನಾಯಕನಿಗೆ ಸಿಟ್ಟು ನೆತ್ತಿಗೇರಿತು. ಸೂಲಗಿತ್ತಿ ಈರಜ್ಜಿಯನ್ನು ಕರೆಸಿ, ಮನೆಮನೆಗೂ ಹೋಗಿ ನೋಡಿ ಬರಬೇಕೆಂದೂ ಸುಳ್ಳು ಹೇಳಿದವನ ಬಲಗೈ ಉಳಿಯುವುದಿಲ್ಲವೆಂದೂ ಸಾರಿಸಿದ.

ಈರಜ್ಜಿ ಬೈಚೋಜನ ಮನೆಗೆ ಬಂದಾಗ ಅವನು ಹಿತ್ತಲಿನಲ್ಲಿ ಕುಳಿತು ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದ. ಒಳಗೆ ನೀಲಾಜಿ ಸೂಲಗಿತ್ತಿಯ ಮುಂದೆ ನಾಟಕ ಹೂಡಲಿಲ್ಲ. ‘ನಿನ್ನ ಕಣ್ಣಿಗೆ ಮಣ್ಣೆರಚೋಕಾಗ್ತದಾ ಅಜ್ಜಿ. ನನಗೆ ಏನೂ ಇಲ್ಲ. ಇರೋದು ಮಗಳಿಗೆ’ ಎಂದು ಇದ್ದದ್ದು ಇದ್ದಹಾಗೆ ಹೇಳಿ, ಮಡಿಲಕ್ಕಿಯ ಗಂಟು ತಂದು ತೋರಿಸಿದಳು. ಮಾಳವ್ವ ಹುಟ್ಟಿದಾಗ ಹೊಕ್ಕುಳಬಳ್ಳಿ ಕೊಯ್ದದ್ದೂ ಈರಜ್ಜಿಯೇ. ಅವಳು ಎಲೆಯಡಿಕೆ ಹಾಕಿಕೊಂಡು, ಏನೂ ಹೇಳದೆ ಎದ್ದು ಹೋದಳು. ಹಿತ್ತಲಿನಿಂದ ಓಡಿಬಂದ ಬೈಚೋಜ ಏನಂದಳು ಎಂದು ಕೇಳಿದ. ‘ಏನೂ ಅನ್ನಲಿಲ್ಲ, ಸುಣ್ಣ ಇನ್ನೊಂಚೂರು ಕೇಳಿದಳು’ ಎಂದಳು ನೀಲಾಜಿ.

ಮಾರನೆಯ ಬೆಳಿಗ್ಗೆ ಶಿಲ್ಪಿಗಳನ್ನೆಲ್ಲ ಆಸ್ಥಾನದಲ್ಲಿ ಸಾಲಾಗಿ ನಿಲ್ಲಿಸಿದರು. ಬೈಚೋಜ ಮುಂದಿದ್ದ. ಈರಜ್ಜಿ ಕೋಲೂರಿಕೊಂಡು ಬಂದಳು. ‘ನೋಡಿ ಬಂದೆ ಬುದ್ಧಿ. ಕೆಲವರಿಗೆ ಬಸುರು ಹೊಟ್ಟೇಲೈತೆ, ಕೆಲವರಿಗೆ ಗಂಡನ ಬಾಯಲ್ಲೈತೆ’ ಎಂದಳು. ಬೈಚೋಜನಿಗೆ ಮಗಳ ಮುಖವೊಂದೇ ಎದುರಿಗೆ ಬಂತು. ಯಾರು ಯಾರೆಂದು ನಾಯಕ ಕೇಳಿದ. ‘ಹೇಳ್ತೀನಿ. ಅದಕ್ಕೆ ಮುಂಚೆ ನಂದೊಂದು ಅನುಮಾನ. ಗಾಯದ ದೋಷ ಉಳಿ ಹಿಡಿದೋರ ಮನೆಗೆ ಮಾತ್ರ ತಟ್ಟತೈತೋ, ಕೆತ್ತಿಸಿದೋರ ಮನೆಗೂ ತಟ್ಟತೈತೋ? ಯಾಕಂದ್ರೆ ಅರಮನೇಲೂ ಬಸುರಿ ಅವ್ರೆ. ಹೊನ್ನಾಜಮ್ಮಣ್ಣಿಯವರಿಗೆ ಮೂರು ತುಂಬಿತು. ಮೂರು ತುಂಬೋ ತನಕ ಬಾಯಿಬಿಡಬೇಡ ಅಂದಿದ್ರು. ನೆನ್ನೆ ಸಂಜೆ ಅವರೇ ಕರೆದು, ನಾಳೆ ಹೇಳು ಅಂದ್ರು.’

ನಾಯಕ ಎದ್ದು ನಿಂತ, ಮತ್ತೆ ಕುಳಿತ, ಮತ್ತೆ ಎದ್ದ. ಇಷ್ಟು ವರ್ಷ ದೇವರು ದಿಂಡರೆಂದು ಅಲೆದವನಿಗೆ ಈ ಮಾತು ಸೂಲಗಿತ್ತಿಯ ಬಾಯಿಂದ, ಅದೂ ಕಲ್ಲುಕೆಲಸದವರ ವಿಚಾರಣೆಯ ನಡುವೆ ಬಂದು ಬಿದ್ದಿತ್ತು. ಅವನು ಮೆಲ್ಲಗೆ ಮಂತ್ರಿಯ ಕಡೆ ತಿರುಗಿ, ಶಾಸ್ತ್ರ ಏನು ಹೇಳುತ್ತದೆ ಎಂದ. ಹಿಂದೆ ಅಷ್ಟು ಬೇಗ ಬಗೆಹರಿಸಿದ್ದ ನರಹರಿಯಪ್ಪ ಈಗಲೂ ತಡಮಾಡಲಿಲ್ಲ. ‘ಕೆತ್ತುವವನು ಬರೀ ಕೈ, ಪ್ರಭು. ಕೆತ್ತಿಸುವವನೇ ಯಜಮಾನ. ಪುಣ್ಯವೂ ಅವನಿಗೇ, ದೋಷವೂ ಅವನಿಗೇ’ ಎಂದ. ಆ ಸಿಂಹ ಯಾರ ತವರಿನ ಆನೆಯ ಮೇಲೆ ಎರಗಿದೆ, ಆ ಆನೆಯ ಮನೆಯ ರಕ್ತವೇ ಈಗ ತನ್ನ ವಂಶವಾಗಿ ಯಾರ ಹೊಟ್ಟೆಯಲ್ಲಿ ಬೆಳೆಯುತ್ತಿದೆ ಎಂಬುದು ನಾಯಕನಿಗೆ ಆ ಕ್ಷಣದವರೆಗೂ ಒಟ್ಟಿಗೆ ಹೊಳೆದಿರಲಿಲ್ಲ. ಹೊಳೆದಾಗ ಅವನ ಮುಖದ ಬಿಗಿ ಸಡಿಲವಾಯಿತು. ‘ಉಳಿ ಕೆಳಗಿಡಿ’ ಎಂದ, ಅಷ್ಟೆ. ಆಮೇಲೆ ಸಾಲಿನ ಮುಂದೆ ಬಂದು ಬೈಚೋಜನ ಎದುರು ನಿಂತು, ‘ನಿನ್ನ ಹೆಂಡತಿಗೆ ಎಷ್ಟು ತಿಂಗಳು?’ ಎಂದು ಕೇಳಿದ. ಬೈಚೋಜ ಬೆರಳು ಮಡಿಸಿ ಎಣಿಸತೊಡಗಿದ. ನಾಯಕ ಎಣಿಕೆ ಮುಗಿಯಲು ಬಿಡದೆ, ‘ಹೋಗಲಿ ಬಿಡು, ಹೆಂಗಸರ ವಿಷಯ’ ಎಂದು ನಕ್ಕುಬಿಟ್ಟ. ಅರಮನೆಯ ಮೆಟ್ಟಿಲಿಳಿದು ಬಂದು, ಬೇವಿನ ಮರದ ಕೆಳಗೆ ಕುಳಿತು, ಬಿಸಿಲು ಏರುವ ತನಕ ಬೈಚೋಜ ಏಳಲಿಲ್ಲ. ಎದೆಯ ಮೇಲೆ ಹೇರಿದ್ದ ಬಂಡೆಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಗಿತ್ತು. ಅಂದು ಮಧ್ಯಾಹ್ನ ಅವನು ಮೂರು ಮುದ್ದೆ ಉಂಡ.

ಆ ವಾರವೇ ಮಾಳವ್ವ ತವರಿಗೆ ಬಂದಳು. ಹರಿಗೋಲು ಬೇಡ, ಸೇತುವೆಯ ಮೇಲೇ ಬರುತ್ತೇನೆಂದು ಹಟ ಹಿಡಿದಳಂತೆ. ಕಲ್ಲೋಜನೇ ಸೇತುವೆಯ ಬಾಯಿಯವರೆಗೆ ಬಂದು, ಬೀಗನ ಕೈಗೆ ಸೊಸೆಯ ಗಂಟು ಕೊಟ್ಟು, ಒಮ್ಮೆ ತಲೆಯೆತ್ತಿ ಆನೆಯನ್ನು ಬಹಳ ಹೊತ್ತು ನೋಡಿ, ‘ಕಿವಿಯ ಸುಕ್ಕು ಹೆಂಗೆ ಹಿಡಿದಿದೀರಿ ಬೀಗರೆ’ ಎಂದ. ಬೈಚೋಜನಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ. ಕೆಲವು ತಿಂಗಳು ಕಳೆದು, ಹೊನ್ನಾಜಮ್ಮಣ್ಣಿ ಚೊಚ್ಚಲ ಹೆರಿಗೆಗೆಂದು ಅದೇ ದಾರಿಯಲ್ಲಿ ತೆಂಕಣಕ್ಕೆ ಹೋದಳು. ಕರೆದೊಯ್ಯಲು ಸೋಮಪ್ಪ ಒಡೆಯ ತನ್ನ ಆನೆಯ ಮೇಲೇ ಬಂದಿದ್ದ. ಕಪ್ಪ ಹೊತ್ತವರು ಬಡಗಣಕ್ಕೆ ನಡೆಯುತ್ತಿದ್ದ ಆ ಗೋಡೆಗಳ ನಡುವೆ ಮೊದಲ ಸಲ ಒಂದು ಮೆರವಣಿಗೆ ಎದುರು ದಿಕ್ಕಿನಲ್ಲಿ ಸಾಗಿತು. ಮಾಳವ್ವ ಹೆಣ್ಣು ಹೆತ್ತಳು, ಅಮ್ಮಣ್ಣಿ ಗಂಡು ಹೆತ್ತಳು. ಎರಡು ಕೂಸುಗಳ ಮೈಮೇಲೂ ಒಂದು ಗೀರು ಕೂಡ ಇರಲಿಲ್ಲ.

ಬಾಣಂತನ ಮುಗಿಸಿ ಅಮ್ಮಣ್ಣಿ ಕೋಟೆಗೆ ಹಿಂದಿರುಗಿದ ಮೇಲೆ, ನರಹರಿಯಪ್ಪ ಒಂದು ದಿನ ನೆನಪು ಮಾಡಿದನಂತೆ: ಪ್ರಭುಗಳ ಮನೆಯಲ್ಲೂ ರೂವಾರಿಯ ಮನೆಯಲ್ಲೂ ಈಗ ಬಸುರಿಯರಿಲ್ಲ, ಉಗುರಿನ ಕೆಲಸ ಮುಗಿಸಬಹುದಲ್ಲವೇ ಎಂದು. ಸೇತುವೆಯ ಬಿರುಕುಬಿಟ್ಟ ಹಾಸುಗಲ್ಲು ಬದಲಿಸುವ ಮಾತಿಗೆಂದು ಬಂದಿದ್ದ ಬೈಚೋಜ ಅಲ್ಲೇ ನಿಂತಿದ್ದ. ನಾಯಕನ ತೊಡೆಯ ಮೇಲೆ ಮಗು ಮಲಗಿತ್ತು. ಅದರ ಎಳೆಯ ಬೆರಳುಗಳನ್ನು ಬಿಡಿಸಿ ಉಗುರು ನೋಡುತ್ತಿದ್ದ ನಾಯಕ ತಲೆಯೆತ್ತದೆಯೇ ಹೇಳಿದ: ‘ಕೆತ್ತಿಸೋಣ. ಊರಿನಲ್ಲಿ ಬಸುರಿ ಇಲ್ಲದ ದಿನ ನೋಡಿ ಕೆತ್ತಿಸೋಣ. ಊರು ಅಂದರೆ ಎರಡು ದಂಡೆಯೂ ಸೇರಿ.’ ಗೆದ್ದವನು ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ಪಡೆದನೆಂದು ಯಾರೂ ಹೇಳುವಂತಿರಲಿಲ್ಲ, ಸೋತವರ ಹಣೆಗೆ ಉಗುರೂ ಇಳಿಯಲಿಲ್ಲ. ಅಂದಿನಿಂದ ಪ್ರತಿ ಮಹಾನವಮಿಯ ಮುಂಚೆ ಅರಮನೆಯ ಓಲೆಕಾರ ಸೂಲಗಿತ್ತಿಯ ಮನೆ ಬಾಗಿಲಿಗೆ ಹೋಗಿ, ಇದ್ದಾರೆಯೇ ಎಂದು ಕೇಳಬೇಕು. ಇದ್ದಾರೆ ಎಂದು ಅವಳು ಹೇಳಬೇಕು. ಅಷ್ಟಾದ ಮೇಲೆ ಶಿಲ್ಪಿಗಳು ಉಳಿಗಳಿಗೆ ಪೂಜೆ ಮಾಡಿ ಮನೆಗೆ ಹೋಗಬೇಕು. ಬೈಚೋಜ ಬದುಕಿರುವಷ್ಟು ಕಾಲ ಓಲೆಕಾರನ ಹಿಂದೆ ತಾನೂ ಹೋಗಿ ಆ ಉತ್ತರವನ್ನು ಕಿವಿಯಾರೆ ಕೇಳಿ ಬರುತ್ತಿದ್ದ ಎನ್ನುತ್ತಾರೆ.

ಆಮೇಲೆ ನಾಯಕರು ಹೋದರು, ಒಡೆಯರು ಹೋದರು. ಎರಡು ಸೀಮೆಗಳೂ ಸೇರಿ ಒಂದೇ ನಗರಸಭೆಯಾಯಿತು. ಈಗ ಸೇತುವೆಗೆ ಬರುವವರು ಕಪ್ಪ ಹೊತ್ತವರ ಸಾಲಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತೆಂಕಣ ತುದಿಗೆ ಬಂದಾಗ ಸಿಂಹದ ಕಾಲಡಿಯ ಮುದ್ದೆಗಲ್ಲಿಗೆ ಅರಿಶಿನ ಕುಂಕುಮ ಹಚ್ಚಿರುವುದನ್ನು ಕಾಣುತ್ತಾರೆ. ಹತ್ತಿರದ ಹೆರಿಗೆ ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋಗುವ ಹೆಂಗಸರು ಅಲ್ಲಿ ನಿಂತು, ಆ ಕಲ್ಲಿನ ಮೇಲೆ ಅಂಗೈಯಿಟ್ಟು ಮುಂದೆ ಹೋಗುತ್ತಾರೆ. ಕೈತಾಗಿ ತಾಗಿ ಅದು ನುಣುಪಾಗಿದೆ. ಶಿಲ್ಪ ಯಾಕೆ ಅರ್ಧಕ್ಕೆ ನಿಂತಿದೆ, ಇನ್ನು ಮುಗಿಸುವುದೇ ಇಲ್ಲವೇ ಎಂದು ಪರಊರಿನವರು ಕೇಳಿದರೆ, ಜಗಲಿಯ ಪಕ್ಕ ಹೂ ಮಾರುವಾಕೆ ಮಾಲೆ ಕಟ್ಟುತ್ತಲೇ ಉತ್ತರ ಕೊಡುತ್ತಾಳೆ: ‘ಮುಗಿಸ್ತಾರೆ ಸ್ವಾಮಿ, ಅಪ್ಪಣೆ ಇನ್ನೂ ಹಂಗೇ ಐತೆ. ದಿನ ಬಂದಿಲ್ಲ, ಅಷ್ಟೆ.’